ಮುತ್ಯಾನ ಮನೆಯಲ್ಲಿ ರೆಫ್ರಿ

ಶಹಾಬಾದದ ಭೀಮಶ್ಯಾನ ಮನೆಯಲ್ಲಿ ಬೈಗುಳಕ್ಕೇನೂ ಕೊರತೆ ಇರಲಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಬೈಗುಳ ಒಂದೇ, 'ರೆಫ್ರಿ'. ತೂಕದಲ್ಲಿ ಕೈಚಳಕ ತೋರಿಸಿದ ಕಿರಾಣಿಯವನು ರೆಫ್ರಿ. ಅಡುಗೆ ಹೊತ್ತಿಗೆ ಸರಿಯಾಗಿ ಕರೆಂಟ್ ತೆಗೆಯುವ ಲೈನ್‌ಮನ್ ರೆಫ್ರಿ. ಹಾಲಿನ ಪಾತ್ರೆಗೆ ಬಾಯಿ ಹಾಕಿ ಓಡಿದ ಬೆಕ್ಕೂ ರೆಫ್ರಿಯೇ. ಭೀಮಶ್ಯಾನ ಹೆಂಡತಿ ಅನಸುಬಾಯಿ ಈ ಮಾತನ್ನು ನಲವತ್ತು ವರ್ಷ ಕೇಳಿದ್ದಳು. ಎಷ್ಟು ಕೇಳಿದ್ದಳೆಂದರೆ ಒಮ್ಮೆ ಹಳಸಿದ ಸಾರನ್ನು ಚೆಲ್ಲುವಾಗ ತನ್ನ ಬಾಯಲ್ಲೂ ಅದೇ ಬಂದುಬಿಟ್ಟಿತ್ತು.

ಇದೆಲ್ಲ ಶುರುವಾದದ್ದು 1985ರ ಮಳೆಗಾಲದ ಒಂದು ಸಂಜೆ. ಆಗ ಭೀಮಶ್ಯಾನಿಗೆ ಇಪ್ಪತ್ತೆಂಟು. ಎಡಗಾಲಿನ ಫುಟ್‌ಬಾಲ್ ಆಟಗಾರ, ಓಟಕ್ಕೆ ಹೆಸರಾದವನು. ಆ ಕಾಲಿನ ಪುಣ್ಯದಿಂದಲೇ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತ್ತು. ವಾಡಿಯ ಮೈದಾನದಲ್ಲಿ ಫೈನಲ್. ಹೈದರಾಬಾದಿನ ಒಂದು ದೊಡ್ಡ ತಂಡದವರು ಪಗಾರ ಕೊಟ್ಟು ಆಡಿಸುವ ಹುಡುಗರನ್ನು ಆರಿಸಲು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊನೆಯ ನಿಮಿಷದಲ್ಲಿ ಭೀಮಶ್ಯಾ ಚೆಂಡನ್ನು ಗೋಲಿನೊಳಗೆ ಹಾಕಿದ. ಸೊಲ್ಲಾಪುರದಿಂದ ಬಂದಿದ್ದ ರೆಫ್ರಿ ಸೀಟಿ ಊದಿ, ಕೈಗೆ ತಾಗಿದೆ, ಗೋಲಲ್ಲ ಅಂದ. 'ಎದಿಗೆ ಬಡಿದಿತ್ತು, ಎದಿಗೆ!' ಎಂದು ಅವತ್ತು ಕೂಗಿದ ಭೀಮಶ್ಯಾ ಇನ್ನೂ ಕೂಗುತ್ತಲೇ ಇದ್ದ. ತಂಡ ಸೋತಿತು. ಹೈದರಾಬಾದಿನವರು ಎದ್ದು ಹೋದರು. ಮುಂದೆ ಅವನ ಕಾರ್ಖಾನೆಯೂ ಬಾಗಿಲು ಹಾಕಿತು, ಅವನು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ಮುದುಕನಾದ.

ಈಗ ದಿನಾ ಸಂಜೆ ಐದಕ್ಕೆ ಮನೆ ಮುಂದಿನ ಫರ್ಸಿ ಕಟ್ಟೆಯ ಮೇಲೆ ಅವನ ದರಬಾರು. ಪಕ್ಕದ ಓಣಿಯಿಂದ ಅಬ್ದುಲ್ ಗನಿ ಬರುತ್ತಿದ್ದ. ಒಂದು ಕಾಲದಲ್ಲಿ ಅದೇ ತಂಡದ ಗೋಲ್‌ಕೀಪರ್, ಈಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯುವವನು. ಭಾನುವಾರ ವಾಡಿಯಿಂದ ಪ್ಯಾಸೆಂಜರ್ ಹಿಡಿದು ರಿಟೈರ್ಡ್ ಗಾರ್ಡ್ ಉದಯಕುಮಾರನೂ ಸೇರುತ್ತಿದ್ದ. ಅವನು ಆಗ ಎದುರಾಳಿ ತಂಡದ ಡಿಫೆಂಡರ್. ಮೂವರೂ ಚಹಾ ಕುಡಿಯುತ್ತ ಲೋಕದ ಮೈದಾನವನ್ನೆಲ್ಲ ಸುತ್ತಿ ಬರುತ್ತಿದ್ದರು.

"ಎಂಬತ್ತೆರಡರ ಬ್ರೆಜಿಲ್ ಅಂತಾ ಟೀಮ್ ಮತ್ತ ಹುಟ್ಟಂಗಿಲ್ಲ ಬಿಡು," ಎಂದು ಗನಿ ಶುರು ಮಾಡುತ್ತಿದ್ದ.

"ಹಂಗಿದ್ರ ಇಟಲಿ ಮುಂದ ಯಾಕ ಸೋತ್ರು? ಒಬ್ಬ ರೋಸ್ಸಿ, ಮೂರು ಗೋಲು!" ಎಂದು ಭೀಮಶ್ಯಾ ಕೆಣಕುತ್ತಿದ್ದ.

"ಅರೇ ಭಯ್ಯಾ, ಸೋತ್ರೂ ಜನ ಅವರನ್ನ ನೆನಸ್ತಾರ. ಗೆದ್ದವರನ್ನ ಯಾರು ನೆನಸ್ತಾರ?"

"ಇಟಲಿಯವ್ರು ನೆನಸ್ತಾರ," ಎನ್ನುತ್ತಿದ್ದ ಉದಯಕುಮಾರ.

ಆಮೇಲೆ ಝಿಕೋ ಫ್ರಾನ್ಸ್ ಮುಂದೆ ಪೆನಾಲ್ಟಿ ಕಳೆದದ್ದು, ಈಡನ್ ಗಾರ್ಡನ್ಸ್‌ಗೆ ಪೆಲೆ ಬಂದಾಗ ರೇಡಿಯೋಕ್ಕೆ ಕಿವಿ ಹಚ್ಚಿ ಕೂತದ್ದು, ಐದು ವರ್ಷ ಸಾಲಾಗಿ ರೋವರ್ಸ್ ಕಪ್ ಎತ್ತಿದ ಹೈದರಾಬಾದ್ ಪೊಲೀಸ್ ತಂಡದ ಬಗ್ಗೆ ಗನಿ ತನ್ನ ಅಪ್ಪನ ಬಾಯಿಂದ ಕೇಳಿದ್ದು. ಅನಸುಬಾಯಿ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ವಿಷಯ ಅವಳ ಗಮನಕ್ಕೆ ಬಂದಿತ್ತು. ಮಾರಡೋನಾ ಇಂಗ್ಲೆಂಡ್ ಮೇಲೆ ಕೈಯಿಂದ ಹೊಡೆದ ಗೋಲಿನ ಮಾತು ಗನಿ ತೆಗೆದ ಕೂಡಲೇ ಭೀಮಶ್ಯಾ ತಂಬಾಕು ಉಗುಳಲು ಏಳುತ್ತಿದ್ದ.

ಆ ಮನೆಗೆ ಜೂನ್ ತಿಂಗಳ ಒಂದು ಸಂಜೆ ರೆಫ್ರಿಯೇ ಬಂದು ಊಟಕ್ಕೆ ಕೂತಿತು.

ಬಂದವಳು ಮೊಮ್ಮಗಳು ಲುಂಬಿನಿ. ಇಪ್ಪತ್ತೆರಡು ವರ್ಷ, ಕಲಬುರಗಿಗೆ ದಿನಾ ರೈಲಿನಲ್ಲಿ ಹೋಗಿ ದೈಹಿಕ ಶಿಕ್ಷಣದ ಬಿ.ಪಿ.ಎಡ್ ಓದುತ್ತಿದ್ದಳು. ಅವತ್ತು ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಭೀಮಶ್ಯಾ, ಮಗ ದೇವಿಂದ್ರ, ಲುಂಬಿನಿ ಸಾಲಾಗಿ ಕೂತಿದ್ದರು. ಸೊಸೆ ಮೈತ್ರಿ ಬಡಿಸುತ್ತಿದ್ದಳು, ಅನಸುಬಾಯಿ ಒಲೆಯ ಮುಂದಿದ್ದಳು.

"ಮುತ್ಯಾ, ಒಂದು ಮಾತು ಹೇಳೂದದ," ಅಂದಳು ಲುಂಬಿನಿ. "ಹೋದ ತಿಂಗಳು ನಾಕು ದಿವಸ ಕಂಪ್ಯೂಟರ್ ಕ್ಲಾಸ್ ಅಂತ ಹೋಗಿದ್ನಲ್ಲ, ಅದು ಸುಳ್ಳು. ರೆಫ್ರಿ ಪರೀಕ್ಷೆ ಬರದೀನಿ. ಪಾಸಾಗೀನಿ. ಜಿಲ್ಲಾ ಮ್ಯಾಚಿಗೆ ನಾ ಸೀಟಿ ಊದಬಹುದು."

ಭೀಮಶ್ಯಾನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಏನಾಗೀನಂದಿ?"

"ರೆಫ್ರಿ."

"ನನ್ನ ಮನ್ಯಾಗ? ನನ್ನ ತಾಟಿನ ಮಗ್ಗಲದಾಗ ಕುಂತು ಈ ಮಾತ ಆಡ್ಲಿಕತ್ತಿ ನೀ?"

"ಆಡಬೇಕಂದ್ರ ಆಡು, ಯಾರ್ ಬ್ಯಾಡ ಅಂತಾರ?" ದೇವಿಂದ್ರ ನಡುವೆ ಬಾಯಿ ಹಾಕಿದ. ಅವನದು ಕಲ್ಲು ಪಾಲಿಶ್ ಮಾಡುವ ಕೆಲಸ, ಹುಬ್ಬಿನ ಮೇಲೆ ಯಾವಾಗಲೂ ಬಿಳಿ ಧೂಳು. "ರೆಫ್ರಿಗೆ ಎರಡೂ ಕಡೆಯವ್ರ ಕೂಡಿ ಬೈತಾರ. ಬೈಗಳ ತಿನ್ನಾಕ ಓದಿಸೀನೇನ್ ನಿನ್ನ?"

"ಅಪ್ಪಾ, ಕತಾರ್ ವರ್ಲ್ಡ್ ಕಪ್ಪಿನಾಗ ಗಂಡಸರ ಮ್ಯಾಚಿಗೆ ಹೆಣ್ಣುಮಗಳು ಸೀಟಿ ಊದ್ಯಾಳ. ಜರ್ಮನಿ ಮ್ಯಾಚು. ಇದೇ ಮನ್ಯಾಗ ಕುಂತು ನೋಡೀರಿ ನೀವು."

"ಅದು ಟೀವಿ," ಅಂದ ಭೀಮಶ್ಯಾ. "ಇದು ಮನಿ. ಇಷ್ಟು ಮಂದಿ ಇರತಾರ ಲೋಕದಾಗ, ಡಾಕ್ಟರ್, ಮಾಸ್ತರ್, ಪೊಲೀಸ್. ನಿನಗ ಯಾಕ ಆ ದರಿದ್ರದ ಕೆಲಸ?"

ಲುಂಬಿನಿ ರೊಟ್ಟಿ ಮುರಿದಳು. "ನಿನ್ನ ಆ ಫೈನಲ್ ಕತಿ ಸಣ್ಣಾಕಿದ್ದಾಗಿಂದ ಕೇಳೀನಿ, ಮುತ್ಯಾ. ಚೆಂಡು ಎಲ್ಲಿಂದ ಬಂತು, ನೀ ಎಲ್ಲಿದ್ದಿ, ಕೀಪರ್ ಎಲ್ಲಿದ್ದ, ಎಲ್ಲಾ ಹೇಳ್ತಿ. ಆ ರೆಫ್ರಿ ಎಲ್ಲಿ ನಿಂತಿದ್ದ ಅಂತ ಒಂದಿನಾನೂ ಹೇಳಿಲ್ಲ. ನನಗ ಅದ ಗೊತ್ತಾಗಬೇಕಿತ್ತು. ಎಲ್ಲಿ ನಿಂತ್ರ ಖರೇ ಕಾಣ್ತದ ಅಂತ."

ಭೀಮಶ್ಯಾ ತಾಟು ಎತ್ತಿಕೊಂಡು ಎದ್ದ. ಹೊರಗಿನ ಕಟ್ಟೆಯ ಮೇಲೆ ಕೂತು ಉಂಡ. ಮರುದಿನವೂ ಅಲ್ಲೇ. ಸೀಟಿ ಇರುವ ತನಕ ತಾನು ಒಳಗೆ ಉಣ್ಣುವುದಿಲ್ಲ ಎಂದು ಸೊಸೆಯ ಮುಂದೆ ಹೇಳಿದ. ಮೈತ್ರಿಗೆ ಕೆಲಸ ಹೆಚ್ಚಾಯಿತು. ಒಳಗೆ ಒಂದು ಪಂಕ್ತಿ, ಹೊರಗೆ ಒಂದು. "ಅತ್ತಿ, ನೀರಿನ ತಂಬಿಗಿ ಹೊತ್ತು ಅಡ್ಡಾಡಿ ನನ್ನ ಕಾಲು ಸೋತ್ವು," ಎಂದು ಅವಳು ಗೊಣಗಿದಾಗ ಅನಸುಬಾಯಿ, "ಉಪಾಸ ಇದ್ದೀನಿ ಅಂದಿಲ್ಲಲ್ಲ, ಸುಮ್ನ ಕೊಡು," ಅಂದಳು.

ಲುಂಬಿನಿ ಬಾಗಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಹಳೇ ಕಾರ್ಖಾನೆಯ ಗೋಡೆಯುದ್ದಕ್ಕೂ ಓಡುತ್ತಿದ್ದಳು. ಹಿಂದೆ ಹಿಂದೆ ಓಡುತ್ತಿದ್ದಳು, ಅಡ್ಡಡ್ಡ ಓಡುತ್ತಿದ್ದಳು. ಓಣಿಯ ನಾಯಿಗಳು ಮೊದಲು ಬೊಗಳಿದವು, ಆಮೇಲೆ ಬೇಸತ್ತು ಬಿಟ್ಟವು. ಬಂದು ಪಾತ್ರೆ ತೊಳೆದು, ಎರಡು ರೊಟ್ಟಿ ಕಟ್ಟಿಕೊಂಡು ರೈಲಿಗೆ ಹೋಗುತ್ತಿದ್ದಳು. ಚಿತ್ತಾಪುರದಲ್ಲಿ ಶಾಲಾ ಹುಡುಗರ ಎರಡು ಪಂದ್ಯ ನಡೆಸಿದಳು. ಏನೂ ಆಗಲಿಲ್ಲ. ಬಂದು ಆಯಿಯ ಮುಂದೆ ಎಲ್ಲ ವರ್ಣಿಸುತ್ತಿದ್ದಳು. ಅನಸುಬಾಯಿ ಬೇಳೆ ಆರಿಸುತ್ತ 'ಹೂಂ' ಎನ್ನುತ್ತಿದ್ದಳು. ಅವಳು ತನ್ನ ಜೀವಮಾನದಲ್ಲಿ ಒಂದು ಪಂದ್ಯವನ್ನೂ ಮೈದಾನಕ್ಕೆ ಹೋಗಿ ನೋಡಿದವಳಲ್ಲ. ಆಗೆಲ್ಲ ಹೆಂಗಸರು ಹೋಗುತ್ತಿರಲಿಲ್ಲ, ಹೋಗುವ ಪುರಸೊತ್ತೂ ಇರಲಿಲ್ಲ.

ಆದರೆ ಪಂದ್ಯ ಅವಳ ಕೈಗೆ ಬರುತ್ತಿತ್ತು. ಹನ್ನೆರಡು ವರ್ಷ ಇಡೀ ತಂಡದ ಜರ್ಸಿ ಒಗೆದವಳು ಅವಳೇ. ಕಾಗಿಣಾ ನದಿಯ ಬಂಡೆಯ ಮೇಲೆ ಗಂಟು ಬಿಚ್ಚಿದರೆ ಎಲ್ಲಿ ಆಡಿ ಬಂದರು, ಯಾರು ಬಿದ್ದರು, ಯಾರು ಸುಮ್ಮನೆ ನಿಂತಿದ್ದರು, ಎಲ್ಲ ಬಟ್ಟೆಯೇ ಹೇಳುತ್ತಿತ್ತು. ವಾಡಿಯ ಮಣ್ಣು ಸುಣ್ಣದ ಹಾಗೆ ಬಿಳಿ, ಸೇಡಂನ ಮಣ್ಣು ಕಪ್ಪು, ಒಗೆದರೂ ಬಿಡದು.

ಜುಲೈ ಎರಡನೇ ವಾರ ಲುಂಬಿನಿ ಹಣೆಗೆ ಕರವಸ್ತ್ರ ಒತ್ತಿಕೊಂಡು ಮನೆಗೆ ಬಂದಳು. ಪಕ್ಕದ ತಾಲೂಕಿನ ಒಂದು ಹಳ್ಳಿಯಲ್ಲಿ ಪಂದ್ಯವಿತ್ತು. ಆಫ್‌ಸೈಡ್ ಕೊಟ್ಟದ್ದಕ್ಕೆ ಗುಂಪಿನಿಂದ ಒಂದು ಕಲ್ಲು ಹಾರಿ ಬಂದಿತ್ತು. ಹುಬ್ಬಿನ ಮೇಲೆ ಎರಡು ಹೊಲಿಗೆ.

ಮೈತ್ರಿ ಬಾಗಿಲಲ್ಲೇ ಕೂತುಬಿಟ್ಟಳು. "ಕಣ್ಣು! ಒಂದು ಬಟ್ಟು ಕೆಳಗ ಬಿದ್ದಿದ್ರ ಕಣ್ಣ ಹೋಗ್ತಿತ್ತು!"

ದೇವಿಂದ್ರ ಎದ್ದ. ಒಳಗೆ ಹೋಗಿ ಮಗಳ ಚೀಲದಿಂದ ಬೂಟು, ಸೀಟಿ, ಕಾರ್ಡು ಎಲ್ಲ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದ. "ಮುಗೀತು. ಇನ್ನ ಈ ಮಾತ ಮನ್ಯಾಗ ಬರಬಾರದು."

"ಮ್ಯಾಚ್ ನಿಲ್ಲಿಸಿಲ್ಲ ನಾ," ಅಂದಳು ಲುಂಬಿನಿ. "ಪಟ್ಟಿ ಕಟ್ಟಿಸ್ಕೊಂಡು ಉಳಿದ ಹನ್ನೊಂದು ನಿಮಿಷ ಆಡಿಸಿ ಬಂದೀನಿ. ಆಫ್‌ಸೈಡ್ ಖರೇನ ಇತ್ತು ಅಪ್ಪಾ."

"ಖರೇ ಇರ್ಲಿ, ಸುಳ್ಳ ಇರ್ಲಿ. ನಿನ್ನ ಮಾರಿ ಒಂದ ಅದ."

ಹೊರಗೆ ಕಟ್ಟೆಯ ಮೇಲಿಂದ ಭೀಮಶ್ಯಾನ ದನಿ ಬಂತು. "ನಾ ಮೊದಲ ಹೇಳಿದ್ನಿ. ರೆಫ್ರಿ ಅಂದ್ರ ಕಲ್ಲು ತಿನ್ನೂ ಜಾತಿ. ನನ್ನ ಗೋಲು ನುಂಗಿದಾಂವಗೂ ಅವತ್ತ ಮಂದಿ ಕಲ್ಲ ಒಗದಿದ್ರು. ಒಗೀಬೇಕಾದ್ದ ಅದು."

ಅನಸುಬಾಯಿ ಮೊಮ್ಮಗಳ ಹಣೆಗೆ ಒದ್ದೆ ಬಟ್ಟೆ ಹಿಡಿದಿದ್ದಳು. ಅದನ್ನು ಸೊಸೆಯ ಕೈಗೆ ಕೊಟ್ಟು ಎದ್ದು ಹೊರಗೆ ಬಂದಳು. ಗನಿಯೂ ಅಲ್ಲೇ ಕೂತಿದ್ದ. ಅವನಿದ್ದಾನೆ ಅಂತ ಅವಳು ಹಿಂದೆಗೆಯಲಿಲ್ಲ.

"ಏನಂದ್ರಿ? ಇನ್ನೊಮ್ಮೆ ಅನ್ರಿ."

"ಒಗೀಬೇಕಾದ್ದ ಅಂದ್ನಿ. ಎದಿಗೆ ಬಡದ ಚೆಂಡಿಗೆ..."

"ಎದಿಗೆ ಬಡದಿಲ್ಲ."

ಭೀಮಶ್ಯಾ ತಲೆ ಎತ್ತಿದ.

"ಆ ಜರ್ಸಿ ಒಗದಾಕಿ ನಾ," ಅಂದಳು ಅನಸುಬಾಯಿ. "ನೀಲೀ ಜರ್ಸಿ, ಉದ್ದ ತೋಳಿಂದು. ಅವತ್ತ ಮಳಿ ಆಗಿತ್ತು, ಚೆಂಡಿಗೆಲ್ಲ ರಾಡಿ. ನಿಮ್ಮ ಎದಿ ಮ್ಯಾಲ ಒಂದು ಹನಿ ರಾಡಿ ಇರ್ಲಿಲ್ಲ. ಬಲದ ತೋಳಿನ ಮ್ಯಾಲ ಅಂಗೈಯಗಲ ಗುಂಡಾನ ಗುರ್ತು, ಚೆಂಡಿನ ಹೊಲಿಗಿ ಸೈತ ಮೂಡಿತ್ತು. ಕಲ್ಲಿಗೆ ಹಾಕಿ ತಿಕ್ಕೀನಿ ನಾ ಅದನ್ನ. ತಿಕ್ಕಿ ತಿಕ್ಕಿ ಬಿಡಿಸೀನಿ. ಮನಿಗೆ ಬಂದಾಗ ನೀವು ಅಳಾಕತ್ತಿದ್ರಿ, ಅದಕ್ಕ ಸುಮ್ನಾದ್ನಿ. ಒಂದಿನ ಸುಮ್ನಾದ್ರ ಮತ್ತ ಬಾಯಿ ತೆರಿಯೂದು ಭಾಳ ಕಠಿಣ. ಆದ್ರ ಇವತ್ತ ನೀವು ಆ ಹುಡುಗಿ ರಕ್ತ ನೋಡಿ, ಒಗೀಬೇಕಾದ್ದ ಅಂತೀರಿ. ನಲವತ್ತು ವರ್ಷ ಒಬ್ಬ ಖರೇ ಮನಶಾಗ ಬೈದೀರಿ ನೀವು. ಅಂವ ಯಾವ ಊರಾಗ ಅದಾನೋ, ಅದಾನೋ ಇಲ್ಲೋ."

ಗನಿ ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, "ನಮಾಜಿನ ಹೊತ್ತಾತು," ಎಂದು ಎದ್ದು ಹೋದ. ಇನ್ನೂ ಅರ್ಧ ತಾಸು ಇತ್ತು.

ಅವತ್ತಿನಿಂದ ಕಟ್ಟೆ ಖಾಲಿಯಾಯಿತು. ಭೀಮಶ್ಯಾ ಸಂಜೆಯಾದರೆ ಬಾಗಿಲು ಮುಂದೆ ಮಾಡಿ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಭಾನುವಾರ ಉದಯಕುಮಾರ ಬಂದು, "ಏ ಭೀಮಶ್ಯಾ, ಎಂಬತ್ತಾರರ ಪ್ಲಾಟಿನಿ ಮಾತ ಅರ್ಧಕ್ಕ ನಿಂತದಲ್ಲೋ," ಎಂದು ಕೂಗಿದರೆ, ಮೈ ಸರಿಯಿಲ್ಲ ಅಂತ ಹೇಳಿ ಕಳಿಸು ಎಂದು ಸೊಸೆಗೆ ಸನ್ನೆ ಮಾಡಿದ. ಊಟ ಹೊರಗೂ ಇಲ್ಲ, ಒಳಗೂ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ನಿಂತು ಅರ್ಧ ರೊಟ್ಟಿ ತಿನ್ನುತ್ತಿದ್ದ. ಅನಸುಬಾಯಿಗೆ ಮಾಡಿದ್ದಕ್ಕೆ ಪಶ್ಚಾತ್ತಾಪವೇನೂ ಇರಲಿಲ್ಲ. ಆದರೆ ಆ ಮೂರು ಮುದುಕರ ಗದ್ದಲವಿಲ್ಲದೆ ರೊಟ್ಟಿ ಬಡಿಯುವುದು ಅವಳಿಗೆ ಬೇರೆಯವರ ಮನೆಯಲ್ಲಿ ಬಡಿದ ಹಾಗೆ ಅನ್ನಿಸುತ್ತಿತ್ತು.

ಎರಡು ವಾರ ಹೀಗೇ ಕಳೆಯಿತು. ಹುಬ್ಬಿನ ಹೊಲಿಗೆ ಬಿಚ್ಚಿದ ದಿನ ಲುಂಬಿನಿ ಅಪ್ಪನ ಮುಂದೆ ನಿಂತಳು.

"ಭಾನುವಾರ ಸೇಡಂನಾಗ ಸೆಮಿಫೈನಲ್ ಅದ. ನನಗ ಕರದಾರ. ಕೀಲಿ ಕೊಡು."

"ಇಲ್ಲ."

"ಬೂಟು ಇಲ್ಲಂದ್ರ ಚಪ್ಪಲ್ ಮ್ಯಾಲ ಹೋಗ್ತೀನಿ. ಸೀಟಿ ಇಲ್ಲಂದ್ರ ಬಾಯಾಗ ಬೆರಳ ಇಟ್ಟು ಊದ್ತೀನಿ. ಹೋಗೂದಂತೂ ಖರೇ. ಒಂದು ಕಲ್ಲಿಗೆ ಅಂಜಿ ಬಿಟ್ಲು ಅಂತ ಆಗಬಾರದು, ಅಪ್ಪಾ. ನನಗಷ್ಟ ಅಲ್ಲ, ಮುಂದ ಬರೋ ಹುಡುಗ್ಯಾರಿಗೂ ಅದ ಮಾತ ಹೇಳ್ತಾರ."

"ನಿನ್ನ ಅವ್ವನ ಕೇಳು."

ಮೈತ್ರಿ ಒಲೆಯ ಮುಂದಿಂದ ತಿರುಗದೆ ಅಂದಳು, "ನನಗ ಅಂಜಿಕಿ ಆಗ್ತದ. ಹೋಗಬ್ಯಾಡ ಅನ್ನಾಕೂ ಬಾಯಿ ಬರವಲ್ದು."

ಅನಸುಬಾಯಿ ಬೇಳೆಯ ಮೊರ ಕೆಳಗಿಟ್ಟಳು. "ದೇವಿಂದ್ರ, ಕೀಲಿ ಕೊಡು. ಅಕಿ ಒಬ್ಬಾಕೀನ ಹೋಗಂಗಿಲ್ಲ. ನಾನೂ ಹೋಗ್ತೀನಿ."

"ನೀ? ನೀ ಹೋಗಿ ಏನ್ ಮಾಡ್ತಿ ಅವ್ವಾ?"

"ಹನ್ನೆರಡು ವರ್ಷ ರಾಡಿ ನೋಡೀನಿ. ಒಮ್ಮೆ ಆಟ ನೋಡ್ತೀನಿ."

ದೇವಿಂದ್ರ ತಾಯಿಯ ಮುಖ ನೋಡಿದ. ಜೇಬಿಗೆ ಕೈ ಹಾಕಿ ಕೀಲಿಯನ್ನು ಮೊರದೊಳಗೆ ಹಾಕಿ ಕೆಲಸಕ್ಕೆ ಹೋದ.

ಭಾನುವಾರ ಬೆಳಿಗ್ಗೆ ಅನಸುಬಾಯಿ ಗಂಟು ಕಟ್ಟುತ್ತಿದ್ದಾಗ ಭೀಮಶ್ಯಾ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಯಾಕೆ ಅಂತ ಯಾರೂ ಕೇಳಲಿಲ್ಲ. ಅನಸುಬಾಯಿ ಗಂಟು ಬಿಚ್ಚಿ ಇನ್ನೆರಡು ರೊಟ್ಟಿ ಸೇರಿಸಿದಳು. ಸ್ಟೇಷನ್ನಿನಲ್ಲಿ ಗನಿ ಕಾಯುತ್ತಿದ್ದ. ಯಾರು ಹೇಳಿದ್ದರೋ. ವಾಡಿ ದಾಟಿ, ಚಿತ್ತಾಪುರ ದಾಟಿ ಸೇಡಂ ಬರುವ ತನಕ ಲುಂಬಿನಿ ಕಿಟಕಿ ಪಕ್ಕ ನಿಯಮದ ಪುಸ್ತಕ ಓದುತ್ತಿದ್ದಳು. ಭೀಮಶ್ಯಾ ಎದುರಿನ ಸೀಟಿನಲ್ಲಿ ಹೊರಗಿನ ತೊಗರಿ ಹೊಲ ನೋಡುತ್ತ ಕೂತಿದ್ದ.

ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಸೇಡಂ ಹುಡುಗರು ಒಂದು ಕಡೆ, ಆದಿತ್ಯನಗರದ ಕಾಲೊನಿ ಹುಡುಗರು ಇನ್ನೊಂದು ಕಡೆ. ನೆರೆದವರಲ್ಲಿ ಮುಕ್ಕಾಲು ಪಾಲು ಸೇಡಂನವರು. ಕಪ್ಪು ಅಂಗಿ, ಕಪ್ಪು ಚಡ್ಡಿ, ಮೊಣಕಾಲ ತನಕ ಕಾಲುಚೀಲ ಹಾಕಿದ ಲುಂಬಿನಿ ನಡುವೆ ಬಂದು ನಿಂತಾಗ ಯಾರೋ ಶಿಳ್ಳೆ ಹೊಡೆದರು, ಯಾರೋ ನಕ್ಕರು. ಅವಳು ಗಡಿಯಾರ ನೋಡಿ ಸೀಟಿ ಊದಿದಳು.

ಅನಸುಬಾಯಿಗೆ ಮೊದಲ ಹತ್ತು ನಿಮಿಷ ಚೆಂಡೇ ಕಾಣಲಿಲ್ಲ. ಮೊಮ್ಮಗಳನ್ನೇ ನೋಡುತ್ತಿದ್ದಳು. ಆಟಗಾರರು ನಿಂತಾಗಲೂ ಇವಳು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ನಾಯಿಗಳಿಗೆ ಬೇಸರ ಬರುವ ತನಕ ಹಿಂದೆ ಹಿಂದೆ, ಅಡ್ಡಡ್ಡ ಓಡಿದ್ದು ಯಾಕೆಂದು ಈಗ ತಿಳಿಯಿತು. ಯಾರೂ ನೋಡದ ಕಡೆಯಿಂದ ನೋಡಲು. ಎರಡೂ ಕಡೆ ಒಂದೊಂದು ಗೋಲಾಯಿತು. ಗನಿ ಮೊಣಕಾಲಿನ ಪಟ್ಟಿ ಮರೆತು ಹಾರಿದ. ಭೀಮಶ್ಯಾ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದ, ಎಡಗಾಲು ಮಾತ್ರ ತನ್ನಷ್ಟಕ್ಕೆ ಆಡುತ್ತಿತ್ತು.

ಇನ್ನು ಐದು ನಿಮಿಷ ಇರುವಾಗ ಸೇಡಂನ ಉದ್ದ ಕೂದಲಿನ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಪೆನಾಲ್ಟಿ ಗೆರೆಯೊಳಗೆ ನುಗ್ಗಿದ. ಎದುರಾಳಿ ಕಾಲು ಚಾಚಿದ. ಹುಡುಗ ಹಾರಿ ಬಿದ್ದು, ಕಾಲು ಹಿಡಿದುಕೊಂಡು ಉರುಳಾಡಿದ. ಇಡೀ ಮೈದಾನ "ಪೆನಾಲ್ಟೀ!" ಎಂದು ಎದ್ದು ನಿಂತಿತು.

ಲುಂಬಿನಿ ಸೀಟಿ ಊದಿದಳು. ಬಿದ್ದವನ ಹತ್ತಿರ ಹೋಗಿ ಹಳದಿ ಕಾರ್ಡು ತೋರಿಸಿದಳು. ನಾಟಕ ಮಾಡಿದ್ದಕ್ಕೆ.

ಆಮೇಲೆ ಎದ್ದ ಗದ್ದಲದಲ್ಲಿ ಅನಸುಬಾಯಿಗೆ ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದವು. ರೊಕ್ಕ ತಿಂದಾಳ. ಕಣ್ಣಿಲ್ಲ. ಇಂತಾವ್ರ ಹುಟ್ಟಬಾರದು. ಹಿಡೀರಿ ಅಕೀನ. ಪ್ರತಿಯೊಂದೂ ಅವಳಿಗೆ ಬಾಯಿಪಾಠ. ಅದೇ ಮಾತು, ಅದೇ ಸಾಲು, ಅದೇ ಏರಿಳಿತ, ಅವಳ ಮನೆಯ ಕಟ್ಟೆಯ ಮೇಲಿನದೇ. ಅವಳು ಪಕ್ಕಕ್ಕೆ ತಿರುಗಿ ಗಂಡನನ್ನು ನೋಡಿದಳು. ಅವನ ಮುಖ ಸುಣ್ಣವಾಗಿತ್ತು.

ಹತ್ತಿರ ನಿಂತಿದ್ದ ದಪ್ಪ ಮೀಸೆಯವನೊಬ್ಬ ಗನಿಯ ಕಡೆ ಕೈ ತೋರಿಸುತ್ತ ಭೀಮಶ್ಯಾನ ಭುಜ ಹಿಡಿದ. "ಮುತ್ಯಾ, ನೀ ಹಳೇ ಆಟಗಾರ ಅಂತ ಈ ಸಾಹೇಬ್ರು ಆಗಿನಿಂದ ಹೇಳಾಕತ್ತಾರ. ನೀನ ಹೇಳು, ಪೆನಾಲ್ಟಿ ಹೌದೋ ಅಲ್ಲೋ?"

ಸುತ್ತಲಿನವರು ತಿರುಗಿ ನೋಡಿದರು.

"ಅಲ್ಲ," ಅಂದ ಭೀಮಶ್ಯಾ.

"ಏನು?"

"ಅಂವ ತಾನ ಬಿದ್ದಾನ. ಆ ಕಾಲು ತಾಗೂದಕ್ಕಿಂತ ಮೊದಲ ಅಂವನ ಮೊಣಕಾಲ ಮಡಚಿತ್ತು."

"ಏ, ಇಂವ ರೆಫ್ರಿ ಕಡೆ ಮನಶಾ ಇರಬೇಕು!"

"ಹೌದು. ಅಕಿ ನನ್ನ ಮೊಮ್ಮಗಳು." ಭೀಮಶ್ಯಾನ ದನಿ ಏರಿತು. ಹದಿನೈದು ದಿನ ಒಳಗಿದ್ದದ್ದೆಲ್ಲ ಈಗ ಹೊರಗೆ ಬಂತು. "ಕೇಳ್ರಿ ಇಲ್ಲಿ! ನಲವತ್ತು ವರ್ಷ ರೆಫ್ರಿಗೆ ಬೈದೀನಿ ನಾ. ನನಗಿಂತ ಚಲೋ ಬೈಯಾಂವ ಈ ನಾಕು ತಾಲೂಕಿನಾಗ ಯಾರರೆ ಇದ್ರ ಮುಂದ ಬರ್ರಿ. ಹಂಗ ಬೀಳೂದು ಹ್ಯಾಂಗ ಅಂತ ನನಗ ಗೊತ್ತದ, ನೂರು ಸಲ ಬಿದ್ದೀನಿ. ಅಂವ ತಾನ ಬಿದ್ದಾನ!"

ಕೆಲವರು ನಕ್ಕರು. ಮೀಸೆಯವನು ನಗಲಿಲ್ಲ. ಅವನೂ ಇನ್ನು ಆರೇಳು ಜನರೂ ಹಗ್ಗ ದಾಟಲು ಹೊರಟರು. ಹಗ್ಗದ ಮುಂದೆ ಅನಸುಬಾಯಿ ನಿಂತಿದ್ದಳು. ಯಾವಾಗ ಬಂದು ನಿಂತಳೆಂದು ಅವಳಿಗೇ ತಿಳಿಯದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಹಗ್ಗ ಹಿಡಿದಿದ್ದಳು.

"ಸರಿ ಆಯಿ, ಬಾಜೂಕ ಸರಿ."

"ಸರಿಯಂಗಿಲ್ಲ. ಆಟ ಮುಗೀಲಿ. ಇನ್ನ ಐದು ನಿಮಿಷ ಅದ ಅಂತ."

"ನಿನಗೇನ್ ತಿಳೀತದ ಆಟ?"

"ನನಗ ಆಟ ತಿಳಿಯಂಗಿಲ್ಲಪ್ಪ. ಹಗ್ಗದ ಈ ಕಡಿಗೆ ನಿಂದರಬೇಕು ಅಂತ ತಿಳೀತದ. ಅಷ್ಟು ನಿನಗ ತಿಳೀವಲ್ದೇನು?"

ಮೀಸೆಯವನು ಅವಳ ಕೈ ನೋಡಿದ, ಮುಖ ನೋಡಿದ. ತಾಯಿಯ ವಯಸ್ಸಿನವಳನ್ನು ತಳ್ಳಿ ಹೋಗುವುದು ಅವನಿಂದಾಗಲಿಲ್ಲ. ಅಷ್ಟರಲ್ಲಿ ಗನಿ ಕುಂಟುತ್ತ ಬಂದು ಅವಳ ಒಂದು ಬದಿ ನಿಂತ, ಭೀಮಶ್ಯಾ ಇನ್ನೊಂದು ಬದಿ. ಮೈದಾನದ ನಡುವೆ ಲುಂಬಿನಿ ಹಿಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ತನ್ನನ್ನು ಸುತ್ತುವರಿದ ಹುಡುಗರಿಗೆ ಗಡಿಯಾರ ತೋರಿಸಿ, ಚೆಂಡನ್ನು ಫ್ರೀ ಕಿಕ್ಕಿಗೆ ಇಡಿಸಿ, ಸೀಟಿ ಊದಿದಳು.

ಆಟ ಮುಂದೆ ಸಾಗಿತು. ಒಂದೊಂದು ಗೋಲಿನಲ್ಲೇ ಮುಗಿದು ಪೆನಾಲ್ಟಿ ಕಿಕ್ಕಿಗೆ ಹೋಯಿತು. ಕೊನೆಗೆ ಗೆದ್ದದ್ದು ಸೇಡಂ ತಂಡವೇ. ಗುಲಾಲು ಹಾರಿತು, ಹಲಗೆ ಮೊಳಗಿತು. ಮೀಸೆಯವನು ಭೀಮಶ್ಯಾನನ್ನೇ ಅಪ್ಪಿ ಕುಣಿದ. ಅರ್ಧ ತಾಸಿನ ಹಿಂದೆ ರೆಫ್ರಿಯ ರಕ್ತ ಕೇಳಿದ ಜನಕ್ಕೆ ಈಗ ರೆಫ್ರಿ ಇದ್ದಳೆಂಬುದೇ ನೆನಪಿರಲಿಲ್ಲ. ಲುಂಬಿನಿ ಒಬ್ಬಳೇ ಮೂಲೆಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಳು. ಅನಸುಬಾಯಿ ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. "ಮೊದಲ ಉಣ್ಣು."

ವಾಪಸು ರೈಲಿನಲ್ಲಿ ಜಾಗ ಸಿಕ್ಕಿತು. ರೈಲು ಚಿತ್ತಾಪುರ ದಾಟಿತು. ಆಮೇಲೆ ಭೀಮಶ್ಯಾ ಮೊಮ್ಮಗಳ ಕಡೆ ನೋಡದೆ ಅಂದ:

"ನನ್ನ ಬೆನ್ನ ಹಿಂದ, ಎಡಕ್ಕ. ಹತ್ತು ಹೆಜ್ಜಿ ದೂರ."

"ಏನು ಮುತ್ಯಾ?"

"ಆ ರೆಫ್ರಿ. ಎಲ್ಲಿ ನಿಂತಿದ್ದ ಅಂತ ಕೇಳಿದ್ಯಲ್ಲ. ದೂರದಿಂದ ಓಡಿ ಬಂದಿದ್ದ, ತೇಕತಿದ್ದ. ಎಲ್ಲಾರೂ ಗೋಲು ನೋಡಾಕತ್ತಿದ್ರು, ಅಂವ ನನ್ನ ನೋಡಾಕತ್ತಿದ್ದ. ನಾ ತಿರುಗಿದಾಗ ಅಂವನ ಕಣ್ಣು ನನ್ನ ತೋಳಿನ ಮ್ಯಾಲ ಇತ್ತು. ಅಂವಗ ಗೊತ್ತಿತ್ತು. ನನಗೂ ಗೊತ್ತಿತ್ತು. ಹೈದರಾಬಾದಿನವ್ರು ಕುಂತಿದ್ರಲ್ಲ. ಅದಕ್ಕ ಕೈ ಹೋತು. ಯಾಕ ಹೋತು ಅಂತ ನಾ ಯಾರಿಗೂ ಹೇಳಲಿಲ್ಲ."

ಗನಿ ಕಿಟಕಿಯಿಂದ ಹೊರಗೆ ನೋಡುತ್ತ, "ನನಗ ಅನುಮಾನ ಇತ್ತು," ಅಂದ. "ದೋಸ್ತಿ ದೊಡ್ಡದು ಅಂತ ಸುಮ್ನಿದ್ದೆ."

"ಎಲ್ಲಾರೂ ಸುಮ್ನಿದ್ದು ನನ್ನ ಹಾಳ ಮಾಡೀರಿ," ಎಂದು ಭೀಮಶ್ಯಾ ಸಿಡುಕಿದ. ಅನಸುಬಾಯಿಗೆ ಆ ಸಿಡುಕು ಕೇಳಿ ಎಷ್ಟೋ ದಿನದ ಮೇಲೆ ಹಸಿವಾಯಿತು.

ಮುಂದಿನ ಭಾನುವಾರ ಲುಂಬಿನಿಗೆ ಚಿಂಚೋಳಿಯಲ್ಲಿ ಫೈನಲ್. ಗುರುವಾರ ಸಂಜೆ ದೇವಿಂದ್ರ ಕೆಲಸದಿಂದ ಬಂದು ಕೈಕಾಲು ತೊಳೆದು, "ಅಲ್ಲಿಗೆ ರೈಲಿಲ್ಲ. ಬೈಕ್ ಮ್ಯಾಲ ನಾ ಬಿಡ್ತೀನಿ, ನಾನ ಕರ್ಕೊಂಡ ಬರ್ತೀನಿ. ಯಾರರೆ ಕಲ್ಲ ಎತ್ತಿದ್ರ ನಾ ಹಗ್ಗದ ಒಳಗ ಬರಾಂವ, ನೀ ಕೆಂಪ ಕಾರ್ಡ್ ಕೊಟ್ರೂ ಅಡ್ಡಿ ಇಲ್ಲ," ಅಂದ. ಮೈತ್ರಿ ಅವನ ಬೆನ್ನ ಹಿಂದೆ ನಿಂತು ಮಗಳಿಗೆ ತಲೆಯಾಡಿಸಿ ತೋರಿಸಿದಳು, ಕಷ್ಟಪಟ್ಟು ಒಪ್ಪಿಸಿದ್ದೇನೆ ಎಂಬಂತೆ.

ಹೊರಗೆ ಅಂಗಳದಲ್ಲಿ ಆಗಲೇ ಗದ್ದಲ ಶುರುವಾಗಿತ್ತು. ಭೀಮಶ್ಯಾ ಮೊಮ್ಮಗಳನ್ನು ಕರೆದು ನಡುವೆ ನಿಲ್ಲಿಸಿದ. ಪ್ಯಾಸೆಂಜರ್ ಹಿಡಿದು ವಾರದ ನಡುವೆಯೇ ಬಂದಿದ್ದ ಉದಯಕುಮಾರ ಡಿಫೆಂಡರ್, ಗನಿ ಗೋಲ್‌ಕೀಪರ್.

"ಕಾರ್ನರ್ ಇದ್ದಾಗ ಚೆಂಡ ನೋಡಬ್ಯಾಡ. ಚೆಂಡು ಹ್ಯಾಂಗೂ ಬರ್ತದ. ಮಂದಿ ಕೈ ನೋಡು. ನೋಡಿಲ್ಲಿ," ಎಂದು ಅವನು ಗನಿಯ ಅಂಗಿಯ ಚುಂಗನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. "ಕಾಣಿಸ್ತಾ? ಕಾಣಸಂಗಿಲ್ಲ. ನೀ ಅಲ್ಲಿ ನಿಂತ್ರ ಕಾಣಸಂಗಿಲ್ಲ. ಈ ಕಡೆ ಬಾ. ಇನ್ನೊಂದು: ಹಾರೂ ಮೊ‍ದಲ ಎದುರಿನಾಂವನ ಪಾದದ ಮ್ಯಾಲ ಪಾದ ಇಡೂದು. ಉದಯಾ, ನಿನ್ನ ಮ್ಯಾಲ ಎಷ್ಟ ಸಲ ಇಟ್ಟೀನಿ?"

"ಈಗ್ಯೂ ನೋಯ್ತದ," ಅಂದ ಉದಯಕುಮಾರ.

ಕಲಿತ ಮೋಸವನ್ನೆಲ್ಲ ಭೀಮಶ್ಯಾ ಒಂದೊಂದಾಗಿ ತೆಗೆದು ತೋರಿಸಿದ. ಲುಂಬಿನಿ ಕೆಲವನ್ನು ಪುಸ್ತಕದಲ್ಲಿ ಬರೆದುಕೊಂಡಳು, ಕೆಲವಕ್ಕೆ ಜಾಗ ಬದಲಿಸಿ ನಿಂತು ನೋಡಿದಳು. ಕೊನೆಗೆ ಮೂವರೂ ಒಂದು ಪ್ಲಾಸ್ಟಿಕ್ ಚೆಂಡು ಹಿಡಿದು ಖರೇ ಆಟಕ್ಕೇ ಇಳಿದರು. ಭೀಮಶ್ಯಾ ಎಡಗಾಲಲ್ಲಿ ಚೆಂಡು ಸರಿಸಿದ, ಉದಯಕುಮಾರ ಅಡ್ಡ ಬಂದ, ಭೀಮಶ್ಯಾ "ಅಯ್ಯೋ!" ಎಂದು ಫರ್ಸಿಯ ಮೇಲೆ ಮೆಲ್ಲಗೆ, ನಡು ನೋಯದಂತೆ ನೋಡಿಕೊಂಡು ಬಿದ್ದ.

ಸೀಟಿ ಕೂಗಿತು. ಲುಂಬಿನಿ ಹತ್ತಿರ ಬಂದು ಜೇಬಿನಿಂದ ಹಳದಿ ಕಾರ್ಡು ತೆಗೆದು ಮುತ್ಯಾನ ಮುಖದ ಮೇಲೆ ಎತ್ತಿ ಹಿಡಿದಳು.

ಭೀಮಶ್ಯಾನ ಕತ್ತಿನ ನರ ಉಬ್ಬಿತು. ನಲವತ್ತು ವರ್ಷದ ರೂಢಿ, ಬಾಯಿ ತಾನಾಗಿ ತೆರೆಯಿತು. ಒಳಗಿನಿಂದ ಅನಸುಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

ಮುದುಕ ಬಾಯಿ ಮುಚ್ಚಿದ. ಗನಿಯ ಕೈ ಹಿಡಿದು ಎದ್ದು, ಪಂಚೆಯ ಧೂಳು ಕೊಡವಿಕೊಂಡು, ಚೆಂಡನ್ನು ತಾನೇ ತಂದು ಉದಯಕುಮಾರನ ಕಾಲ ಮುಂದೆ ಇಟ್ಟ.

"ಅವ್ರ ಚೆಂಡು," ಅಂದ. "ನಡೀಲಿ ಆಟ."